ನುಡಿ ಉಂಟು, ಬರಹವಿಲ್ಲ: ತಂತ್ರಜ್ಞಾನಾಸಕ್ತರ ನಗೆಮಾತು ಮತ್ತು ಜವಳಗಿರಿಯ ಕನ್ನಡ

ಕನ್ನಡದ ಹಾಸ್ಯಸಾಹಿತ್ಯವನ್ನು ಕುರಿತ ವಿಮರ್ಶೆಯು ಬಹುಮಟ್ಟಿಗೆ ಕೈಲಾಸಂ, ರಾಶಿ, ಬೀಚಿ ಮೊದಲಾದವರ ಬರಹಗಳ ಸುತ್ತ ಬೆಳೆದು ಬಂದಿದೆ. ಅಚ್ಚಾದ ಪುಸ್ತಕ, ರಂಗಕ್ಕೆ ಬಂದ ನಾಟಕ, 1942ರಲ್ಲಿ ಆರಂಭವಾದ ‘ಕೊರವಂಜಿ’ಯಂತಹ ಪತ್ರಿಕೆ, ಇವು ವಿಮರ್ಶಕನಿಗೆ ಸುಲಭವಾಗಿ ದೊರಕುವ ಆಕರಗಳು. ಕಳೆದ ಮೂರು ದಶಕಗಳಲ್ಲಿ ಕಂಪ್ಯೂಟರು ಹಾಗೂ ಮೊಬೈಲುಗಳ ಒಡನಾಟದಿಂದ ಹುಟ್ಟಿದ ನಗೆಮಾತು ಮಾತ್ರ ಈ ಲೆಕ್ಕದೊಳಗೆ ಸೇರಿಲ್ಲ. ತಂತ್ರಜ್ಞಾನದಲ್ಲಿ ಆಸಕ್ತಿಯುಳ್ಳ ಕನ್ನಡಿಗರು ತಮ್ಮತಮ್ಮಲ್ಲಿ ಮಾಡಿಕೊಳ್ಳುವ ಗೇಲಿ, ಕಾಲೆಳೆತ, ಪದಚೇಷ್ಟೆಗಳು ಹುಟ್ಟಿದ ದಿನವೇ ಸಾಯುವ ಸರಕೆಂದು ನಾವು ಭಾವಿಸಿದ್ದೇವೆ. ಈ ಭಾವನೆ ಸರಿಯಲ್ಲ. ಒಂದು ಭಾಷೆಯ ಲಿಪಿ, ಪದಸಂಪತ್ತು ಮತ್ತು ಓದುಗವರ್ಗಗಳ ಸ್ಥಿತಿಯನ್ನು ಈ ನಗೆಯಷ್ಟು ನೇರವಾಗಿ ತೋರಿಸುವ ಸಾಕ್ಷ್ಯ ಮತ್ತೊಂದಿಲ್ಲ. ಗಡಿಯಾಚೆಯ ಕನ್ನಡಕ್ಕಂತೂ, ಅದರಲ್ಲಿಯೂ ಕೃಷ್ಣಗಿರಿ ಜಿಲ್ಲೆಯ ಜವಳಗಿರಿಯಂತಹ ಊರುಗಳ ಕನ್ನಡಕ್ಕೆ, ಈ ನಗೆಯೊಳಗೆ ಪ್ರವೇಶವಿದೆಯೇ ಎಂಬುದು ಹಗುರವಾದ ಪ್ರಶ್ನೆಯಲ್ಲ.

1. ಅಕ್ಷರದಿಂದ ಹುಟ್ಟುವ ನಗೆ

ತಂತ್ರಜ್ಞರ ಹಾಸ್ಯವು ಲೋಕದ ಎಲ್ಲೆಡೆಯೂ ಎರಡು ಮೂಲಗಳಿಂದ ಹೊರಡುತ್ತದೆ. ಮೊದಲನೆಯದು, ಗಂಭೀರವಾದ ರೂಪದೊಳಗೆ ಅಸಂಗತವಾದ ವಿಷಯವನ್ನು ತುಂಬುವುದು. ಅಂತರಜಾಲದ ತಾಂತ್ರಿಕ ನಿಯಮಗಳನ್ನು ಪ್ರಕಟಿಸುವ ದಸ್ತಾವೇಜುಗಳ ಮಾಲೆಯಲ್ಲಿಯೇ 1990ರ ಏಪ್ರಿಲ್ 1ರಂದು, ಪಾರಿವಾಳಗಳ ಕಾಲಿಗೆ ಕಟ್ಟಿ ಮಾಹಿತಿಯನ್ನು ರವಾನಿಸುವ ವಿಧಾನವೊಂದು ಶಾಸ್ತ್ರೋಕ್ತವಾಗಿ ಪ್ರಕಟವಾಯಿತು. 2001ರಲ್ಲಿ ನಾರ್ವೆಯ ಬರ್ಗೆನ್ ನಗರದ ಉತ್ಸಾಹಿಗಳು ಅದನ್ನು ನಿಜವಾಗಿಯೂ ಪ್ರಯೋಗಿಸಿದರು. ಕಳುಹಿಸಿದ 9 ಪೊಟ್ಟಣಗಳಲ್ಲಿ 4ಕ್ಕೆ ಮಾತ್ರ ಉತ್ತರ ಬಂದಿತು. ಎರಡನೆಯ ಮೂಲ ಅಕ್ಷರ. ಚಿಹ್ನೆಗಳನ್ನು ತಿರುಚಿ, ಜೋಡಿಸಿ, ಬೇರ್ಪಡಿಸಿ ನಗೆ ಹುಟ್ಟಿಸುವುದು. 1982ರಲ್ಲಿ ಸ್ಕಾಟ್ ಫಾಲ್ಮನ್ ಅವರು ತಮಾಷೆಯ ಮಾತನ್ನು ಗುರುತಿಸಲೆಂದು ಪೂರ್ಣವಿರಾಮಾದಿ ಚಿಹ್ನೆಗಳಿಂದ ನಗುಮುಖವೊಂದನ್ನು ರಚಿಸಿದರು. ಬರಹದಲ್ಲಿ ದನಿಯಿಲ್ಲ, ಮುಖವಿಲ್ಲ. ಆದುದರಿಂದ ಇದು ನಗೆಯೆಂದು ಹೇಳಲೂ ಅಕ್ಷರವೇ ಬೇಕಾಯಿತು.

ಕನ್ನಡದ ತಂತ್ರಜ್ಞಾನಾಸಕ್ತರಲ್ಲಿ ಮೊದಲನೆಯ ಬಗೆಗಿಂತ ಎರಡನೆಯ ಬಗೆ ಹುಲುಸಾಗಿ ಬೆಳೆಯಿತು. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಕನ್ನಡಿಗನಿಗೆ ಕಂಪ್ಯೂಟರು ಒಡ್ಡಿದ ಮೊದಲ ಸಮಸ್ಯೆಯೇ ಅಕ್ಷರದ್ದು. ಇಂಗ್ಲಿಷಿನ ಕೀಲಿಮಣೆಯ ಮೇಲೆ ಕನ್ನಡದ ವರ್ಣಮಾಲೆಯನ್ನು ಕೂರಿಸುವ ಬಗೆಯನ್ನು ಕೆ. ಪಿ. ರಾವ್ ಅವರು ರೂಪಿಸಿದರು. ಅವರ ವಿನ್ಯಾಸದಲ್ಲಿ ‘ಕ್ಯೂ’ ಕೀಲಿಯಲ್ಲಿ ಟಕಾರ, ‘ಡಬ್ಲ್ಯೂ’ ಕೀಲಿಯಲ್ಲಿ ಡಕಾರ, ‘ಎಕ್ಸ್’ ಕೀಲಿಯಲ್ಲಿ ಷಕಾರ. ವ್ಯಂಜನಗಳನ್ನು ಬೆಸೆಯುವ ಕೆಲಸ ‘ಎಫ್’ ಕೀಲಿಯದು. ಎಫ್ ಒತ್ತಿದರೆ ಒತ್ತು ಬರುತ್ತದೆ. ಈ ವಾಕ್ಯದಲ್ಲಿ ‘ಒತ್ತು’ ಎಂಬುದು ಕ್ರಿಯೆಯೂ ಹೌದು, ಅಕ್ಷರದ ಅಂಗವೂ ಹೌದು. ಪಾಠ ಹೇಳುವವನು ನಗಿಸಲು ಉದ್ದೇಶಿಸದಿದ್ದರೂ ಭಾಷೆಯೇ ನಗಿಸಿಬಿಡುತ್ತದೆ. ನಮ್ಮ ಅಲಂಕಾರಶಾಸ್ತ್ರವು ಶ್ಲೇಷವೆಂದು ಕರೆದದ್ದು ಇದನ್ನೇ.

ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶಗಳು ಬಂದ ಮೇಲೆ ಬಳಕೆದಾರರಲ್ಲಿ ಎರಡು ಪಂಗಡಗಳೇ ಆದವು. ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರಗಳನ್ನು ಒತ್ತುವವರು ಒಂದು ಕಡೆ, ಕೆ. ಪಿ. ರಾವ್ ವಿನ್ಯಾಸವನ್ನು ಬೆರಳಿಗೆ ರೂಢಿಸಿಕೊಂಡವರು ಇನ್ನೊಂದು ಕಡೆ. ಇವರಲ್ಲಿ ನಡೆದ ಪರಸ್ಪರ ಗೇಲಿಗೆ ಆ ಹೆಸರುಗಳೇ ಸಾಮಗ್ರಿ ಒದಗಿಸಿದವು. ಎರಡೂ ಮಾಡುವ ಕೆಲಸ ಬರೆಯುವುದೇ. ಆದರೆ ಒಂದರ ಹೆಸರು ಮಾತು, ಇನ್ನೊಂದರ ಹೆಸರು ಬರೆವಣಿಗೆ. ಈ ಹೆಸರುಗಳ ಜೋಡಿಯು ಗಡಿಯಾಚೆಗೆ ಬಂದಾಗ ಬೇರೆಯದೇ ಅರ್ಥ ಪಡೆಯುತ್ತದೆ. ಆ ಮಾತಿಗೆ ಮುಂದೆ ಬರೋಣ.

ಯೂನಿಕೋಡ್ ನೆಲೆಗೊಳ್ಳುವ ಮುನ್ನಿನ ಕಡತಗಳು ಇನ್ನೊಂದು ಬಗೆಯ ನಗೆಗೆ ಕಾರಣವಾದವು. ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬರೆದದ್ದನ್ನು ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಪದವು ಇಂಗ್ಲಿಷಿನ ‘ಪಿ’ಯಿಂದ ಆರಂಭವಾಗಿ, ತಲೆಯ ಮೇಲೆ ಗೆರೆ ಹೊತ್ತ ‘ಎ’ಗಳನ್ನೂ, ಬ್ರಿಟಿಷ್ ಪೌಂಡಿನ ಗುರುತನ್ನೂ, ಜರ್ಮನ್ ಭಾಷೆಯ ಒಂದು ಅಕ್ಷರವನ್ನೂ ದಾಟಿಕೊಂಡು ಹೋಗುತ್ತದೆ. ಕನ್ನಡವು ಯೂರೋಪು ಪ್ರವಾಸ ಮಾಡಿ ಬಂದಂತೆ ಕಾಣುವ ಈ ದೃಶ್ಯವನ್ನು ನೋಡಿ ನಗದ ಕನ್ನಡ ಬೆರಳಚ್ಚುಗಾರನಿಲ್ಲ. ಯೂನಿಕೋಡ್ ಬಂದ ಮೇಲೂ ಅರ್ಕಾವತ್ತಿನ ತೊಡಕು ಉಳಿಯಿತು. ‘ರ‍್ಯಾಂಕ್’ ಎಂದು ಬರೆಯಬೇಕಾದರೆ ಕಣ್ಣಿಗೆ ಕಾಣದ ಬೆಸುಗೆ ಚಿಹ್ನೆಯೊಂದನ್ನು ನಡುವೆ ಇಡಬೇಕು. ಇಡದಿದ್ದರೆ ಅದು ‘ರ್ಯಾಂಕ್’ ಆಗಿ, ರೇಫವು ಯಕಾರದ ಬೆನ್ನೇರುತ್ತದೆ. ಮೊದಲ ಸ್ಥಾನ ಪಡೆದವನ ಹೆಸರಿನ ಮುಂದೆಯೇ ಸ್ಥಾನಪಲ್ಲಟ! 2018ರ ಫೆಬ್ರುವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಅಕ್ಷರಗುಚ್ಛದ ಒಂದು ರೂಪವು ಐಫೋನುಗಳನ್ನು ಸ್ಥಗಿತಗೊಳಿಸಿತು. ತಯಾರಕರು ಅದಕ್ಕಾಗಿಯೇ ತಂತ್ರಾಂಶದ ಪರಿಷ್ಕೃತ ಆವೃತ್ತಿಯನ್ನು ಹೊರತರಬೇಕಾಯಿತು. ತಂತ್ರಜ್ಞಾನ ಎಂಬ ಪದದ ನಡುವಣ ಅಕ್ಷರವೇ ತಂತ್ರಕ್ಕೆ ಜೀರ್ಣವಾಗಲಿಲ್ಲವೆಂಬ ವ್ಯಂಗ್ಯವನ್ನು ಯಾವ ಹಾಸ್ಯಗಾರನೂ ಕಲ್ಪಿಸಬೇಕಾಗಿರಲಿಲ್ಲ.

ಈ ನಗೆಗಳೆಲ್ಲಕ್ಕೂ ಒಂದು ಷರತ್ತಿದೆ. ಕೇಳುವವನಿಗೆ ಕನ್ನಡದ ಕಾಗುಣಿತ, ಒತ್ತಕ್ಷರ, ಅರ್ಕಾವತ್ತುಗಳು ತಿಳಿದಿರಬೇಕು. ಅಕ್ಷರ ಬಲ್ಲವನಿಗೆ ಮಾತ್ರ ಅಕ್ಷರದ ತಪ್ಪು ನಗೆಯಾಗುತ್ತದೆ.

2. ಹೊಸ ಪದಗಳ ಗೇಲಿ

ಎರಡನೆಯ ದೊಡ್ಡ ಕ್ಷೇತ್ರ ಪಾರಿಭಾಷಿಕ ಪದಗಳದು. ಗಣಕ, ತಂತ್ರಾಂಶ, ಯಂತ್ರಾಂಶ, ಜಾಲತಾಣ, ಮಿಂಚಂಚೆ, ಜಂಗಮವಾಣಿ, ಇಂತಹ ಪದಗಳನ್ನು ಕಟ್ಟಿದವರೂ ತಂತ್ರಜ್ಞಾನಾಸಕ್ತರೇ, ಅವನ್ನು ಗೇಲಿ ಮಾಡಿದವರೂ ಅವರೇ. ‘ಜಂಗಮವಾಣಿ’ ಎಂದೊಡನೆ ನಗೆ ಬರುವುದು ಆ ಪದ ತಪ್ಪೆಂದಲ್ಲ. ಶರಣಪರಂಪರೆಯ ಸ್ಥಾವರ-ಜಂಗಮಗಳ ಗಾಂಭೀರ್ಯವು ಜೇಬಿನಲ್ಲಿ ಗುಂಯ್‌ಗುಡುವ ಪೆಟ್ಟಿಗೆಗೆ ತಗುಲಿಕೊಂಡದ್ದರಿಂದ. ‘ಮೋರೆಪುಸ್ತಕ’ ಎಂಬ ಅನುವಾದ ಮೊದಲಿಂದಲೂ ನಗೆಗಾಗಿಯೇ ಹುಟ್ಟಿದ್ದು. ‘ಮಿಂಚಂಚೆ’ ನಗೆಯನ್ನು ದಾಟಿ ಬಳಕೆಗೆ ನಿಂತಿತು. ಡಿ. ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನು ಕೈಬಿಟ್ಟು ಬರೆಯುವ ಪದ್ಧತಿಯನ್ನು ಮುಂದಿಟ್ಟಾಗ ಅದರ ಪರವಾಗಿಯೂ ವಿರೋಧವಾಗಿಯೂ ಕೀಲಿಮಣೆಯ ಮುಂದೆ ಕುಳಿತವರೇ ಹೆಚ್ಚು ಹಾಸ್ಯ ಮಾಡಿದರು.

ಈ ಗೇಲಿಯನ್ನು ವಿಮರ್ಶಕನು ಎರಡು ಬದಿಯಿಂದಲೂ ನೋಡಬೇಕಾಗುತ್ತದೆ. ಒಂದು ಬದಿಯಲ್ಲಿ ಅದು ಪದಗಳನ್ನು ಸೋಸುವ ಜರಡಿ. ನಾಲಗೆಗೆ ಒಗ್ಗದ, ವಿದ್ವತ್ತಿನ ಭಾರದಿಂದ ಬಾಗಿದ ಪದವನ್ನು ನಗೆಯು ಸಭೆಯ ಠರಾವಿಗಿಂತ ಬೇಗನೆ ಮೂಲೆಗೆ ತಳ್ಳುತ್ತದೆ. ಇನ್ನೊಂದು ಬದಿಯಲ್ಲಿ ಅದೇ ನಗೆಯು ಕನ್ನಡದಲ್ಲಿ ತಂತ್ರಜ್ಞಾನವನ್ನು ಹೇಳುವುದೇ ಹಾಸ್ಯಾಸ್ಪದವೆಂಬ ಭಾವನೆಯನ್ನು ಬೇರೂರಿಸುತ್ತದೆ. ಯಾವ ಹೊಸ ಪದವೂ ಬಳಕೆಯ ಮೊದಲ ದಿನಗಳಲ್ಲಿ ಸ್ವಲ್ಪ ವಿಚಿತ್ರವಾಗಿಯೇ ಕೇಳುತ್ತದೆ. ಆ ಕೆಲವು ದಿನಗಳನ್ನು ಕೊಡದೆಯೇ ನಕ್ಕು ಮುಗಿಸಿದರೆ ಪದವು ಉಳಿಯುವುದಾದರೂ ಹೇಗೆ?

ತಮಿಳಿನೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅಲ್ಲಿ ಕಂಪ್ಯೂಟರಿಗೆ ‘ಕಣಿನಿ’, ಇ-ಮೇಲಿಗೆ ‘ಮಿನ್ನಂಜಲ್’, ಮೊಬೈಲಿಗೆ ‘ಕೈಪ್ಪೇಶಿ’ ಎಂಬ ಪದಗಳಿವೆ. ತಮಿಳರೂ ಇವನ್ನು ಕುರಿತು ನಗುವುದುಂಟು. ಆದರೆ ಆ ಪದಗಳಿಗೆ ಶಾಲೆಯ ಪಠ್ಯಪುಸ್ತಕದ, ಸರ್ಕಾರಿ ಕಡತದ ಬೆಂಬಲ ದೊರೆತಿದೆ. ನಗೆಯ ಪೆಟ್ಟನ್ನು ತಾಳಿಕೊಳ್ಳುವ ಶಕ್ತಿ ಅವಕ್ಕಿದೆ. ಜವಳಗಿರಿಯಲ್ಲಿ ಮನೆಮಾತು ಕನ್ನಡವಾಗಿ ತಮಿಳು ಮಾಧ್ಯಮದಲ್ಲಿ ಓದುವ ಹುಡುಗನೊಬ್ಬನಿಗೆ ಕಂಪ್ಯೂಟರು ಬಾಯಿಮಾತಿನ ಪದ, ಕಣಿನಿ ಪುಸ್ತಕದ ಪದ. ‘ಗಣಕ’ವು ಅವನ ಕಿವಿಗೂ ಬೀಳುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಎಣಿಕೆಯ ಅರ್ಥದಿಂದಲೇ ಹುಟ್ಟಿದ ಈ ಎರಡು ಪದಗಳ ನಂಟನ್ನು ಗುರುತಿಸಿ ನಗುವ ಅವಕಾಶವೂ ಅವನಿಗಿಲ್ಲ. ಬೆಂಗಳೂರಿನಲ್ಲಿ ‘ಗಣಕ’ವನ್ನು ಗೇಲಿ ಮಾಡುವವನು ತನಗೆ ದೊರೆತದ್ದನ್ನು ತಳ್ಳುತ್ತಿದ್ದಾನೆ, ಜವಳಗಿರಿಯವನಿಗೆ ತಳ್ಳಲಿಕ್ಕೂ ಏನೂ ದೊರೆತಿಲ್ಲ.

3. ಒಂದು ಊರಿನ ಹೆಸರು, ಮೂರು ಲಿಪಿ

ಜವಳಗಿರಿಯು ದೇಂಕಣಿಕೋಟೆ ತಾಲ್ಲೂಕಿನ ಊರು. ಬನ್ನೇರುಘಟ್ಟದ ಕಡೆಯಿಂದ ಆನೆಗಳು ಇಳಿದು ಬರುವ ಕಾಡಿನ ಸೆರಗು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಸೀಮೆಯು ಮದ್ರಾಸು ರಾಜ್ಯದಲ್ಲಿಯೇ ಉಳಿಯಿತು. 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಕನ್ನಡ, ತೆಲುಗು, ತಮಿಳು ಮೂರೂ ಇಲ್ಲಿ ಬೀದಿಯ ಭಾಷೆಗಳು. ಯೂನಿಕೋಡಿನ ಕೋಷ್ಟಕದಲ್ಲಿಯೂ ಈ ಮೂರೂ ಸಾಲಾಗಿ ಕುಳಿತಿವೆ: ಮೊದಲು ತಮಿಳು, ಅದರ ಪಕ್ಕದಲ್ಲಿ ತೆಲುಗು, ಅದರ ಪಕ್ಕದಲ್ಲಿ ಕನ್ನಡ, ಒಂದೊಂದಕ್ಕೂ 128 ಸ್ಥಾನಗಳು. ತೆಲುಗಿನ ಅಕ್ಷರದ ಸಂಖ್ಯೆಗೆ 128 ಕೂಡಿಸಿದರೆ ಸಾಮಾನ್ಯವಾಗಿ ಅದೇ ಉಚ್ಚಾರಣೆಯ ಕನ್ನಡ ಅಕ್ಷರ ದೊರಕುತ್ತದೆ. ತಮಿಳಿನ ಭಾಗದಲ್ಲಿ ಮಾತ್ರ ಕಕಾರವಾದ ಮೇಲೆ ಖ, ಗ, ಘಗಳ ಮೂರು ಸ್ಥಾನಗಳು ಖಾಲಿ ಬಿದ್ದಿವೆ. ಈ ಖಾಲಿ ಸ್ಥಾನಗಳೇ ಗಡಿನಾಡಿನ ನಗೆಯ ಬಂಡವಾಳ.

ಜವಳಗಿರಿಯ ಯುವಕರು ಕನ್ನಡ ಮಾತನ್ನು ಮೊಬೈಲಿನಲ್ಲಿ ಬರೆಯುವಾಗ ಸಹಜವಾಗಿ ಕೈಗೆ ಬರುವುದು ಇಂಗ್ಲಿಷ್ ಲಿಪಿ ಅಥವಾ ತಮಿಳು ಲಿಪಿ. ಊರಿನ ಹೆಸರನ್ನೇ ಪರೀಕ್ಷೆಗೆ ತೆಗೆದುಕೊಳ್ಳೋಣ. ಇಂಗ್ಲಿಷ್ ಲಿಪಿಯಲ್ಲಿ ಳಕಾರವು ಲಕಾರವಾಗುತ್ತದೆ. ಓದುವವನು ‘ಜವಲಗಿರಿ’ ಎನ್ನುತ್ತಾನೆ. ತಮಿಳು ಲಿಪಿಯಲ್ಲಿ ಳಕಾರ ಉಳಿಯುತ್ತದೆ, ‘ಗಿರಿ’ಯನ್ನು ಕಕಾರದಿಂದ ಬರೆದರೂ ಪದದ ನಡುವೆ ಒಂಟಿಯಾಗಿ ಬಂದ ಕಕಾರವನ್ನು ಗಕಾರವಾಗಿ ನುಡಿಯುವುದು ತಮಿಳಿನ ರೂಢಿಯಾದುದರಿಂದ ಉಚ್ಚಾರಣೆ ಕೆಡುವುದಿಲ್ಲ, ಆದಿಯ ಜಕಾರಕ್ಕೆ ಗ್ರಂಥಲಿಪಿಯಿಂದ ಬಂದ ಅಕ್ಷರವೊಂದು ಒದಗುತ್ತದೆ. ಜವಳಗಿರಿ ಹೀಗೆ ಪಾರಾಗುತ್ತದೆ. ಹೊಸೂರಿಗೆ ಈ ಅದೃಷ್ಟವಿಲ್ಲ. ತಮಿಳಿನ ಅಧಿಕೃತ ರೂಪ ‘ಓಸೂರ್’. ಹಕಾರದೊಡನೆ ‘ಹೊಸ ಊರು’ ಎಂಬ ಅರ್ಥವೂ ಹೋಯಿತು.

ಎರಡು ಲಿಪಿಗಳ ಕೊರತೆಗಳು ಬೇರೆಬೇರೆ, ಆದುದರಿಂದ ಅವು ಹುಟ್ಟಿಸುವ ನಗೆಯೂ ಬೇರೆಬೇರೆ. ಇಂಗ್ಲಿಷ್ ಲಿಪಿಯಲ್ಲಿ ಬೆಲೆ, ಬೆಳೆ, ಬೇಳೆ ಮೂರೂ ಒಂದೇ ರೂಪ. ರಾಗಿ ಬೆಳೆಯುವವನು ಬೆಳೆಯನ್ನು ಕೇಳಿದನೋ ಬೆಲೆಯನ್ನು ಕೇಳಿದನೋ ಎಂಬುದು ಉತ್ತರ ಬಂದ ಮೇಲೆಯೇ ತಿಳಿಯಬೇಕು. ಹಳ್ಳಿಯು ಹಲ್ಲಿಯಾಗುವುದು ಎಲ್ಲರೂ ಬಲ್ಲ ತಮಾಷೆ. ತಮಿಳು ಲಿಪಿಯಲ್ಲಿ ಈ ಗೊಂದಲಗಳಿಲ್ಲ. ಹ್ರಸ್ವ-ದೀರ್ಘಗಳೂ ಲ-ಳಗಳೂ ಅಲ್ಲಿ ಸ್ಪಷ್ಟ. ಅಲ್ಲಿ ಕೆಡುವುದು ಪದದ ಆದಿ. ಗುರಿಯು ಕುರಿಯಾಗುತ್ತದೆ, ದಾಳಿಯು ತಾಳಿಯಾಗುತ್ತದೆ, ಬೇಟೆಯು ಪೇಟೆಯಾಗುತ್ತದೆ. ಜೀವನದಲ್ಲಿ ಒಂದು ಗುರಿ ಇಟ್ಟುಕೊಂಡಿರಬೇಕೆಂಬ ಹಿತವಚನವನ್ನು ತಮಿಳು ಲಿಪಿಯಲ್ಲಿ ಬರೆದು ಕಳುಹಿಸಿದರೆ, ಓದುವವನು ಕುರಿ ಸಾಕಲು ಹೊರಡಬಹುದು. ಈ ಬಗೆಯ ಶ್ಲೇಷವು ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಹುಟ್ಟಲಾರದು. ಕನ್ನಡದ ಕಿವಿಯೂ ತಮಿಳಿನ ಕಣ್ಣೂ ಒಬ್ಬನಲ್ಲಿಯೇ ಕೂಡಿದ್ದಾಗ ಮಾತ್ರ ಇದು ಸಾಧ್ಯ.

ಇವುಗಳಲ್ಲೆಲ್ಲ ಅರ್ಥಗರ್ಭಿತವಾದುದು ‘ಗಡಿ’ ಎಂಬ ಪದವೇ. ತಮಿಳು ಲಿಪಿಯಲ್ಲಿ ಗಡಿಯೂ ಕಡಿಯೂ ಒಂದೇ. ತಮಿಳಿನಲ್ಲಿಯೂ ‘ಕಡಿ’ ಎಂದರೆ ಕಚ್ಚುವುದು. ಸಪ್ಪೆಯಾದ ಪದಚೇಷ್ಟೆಯನ್ನು ಅವರು ‘ಕಡಿ ಜೋಕ್’ ಎನ್ನುತ್ತಾರೆ. ಬೇಸರ ಹುಟ್ಟಿಸುವ ಮಾತಿಗೆ ನಾವು ‘ಕೊರೆತ’ ಎನ್ನುವಂತೆ. ಎರಡೂ ಭಾಷೆಗಳು ಬೇಸರದ ಮಾತನ್ನು ದೇಹಕ್ಕೆ ತಾಗುವ ಗಾಯವಾಗಿ ಕಂಡಿವೆ. ಗಡಿ ಎಂದು ಬರೆಯಹೊರಟವನ ಬೆರಳಿನಲ್ಲಿ ಕಚ್ಚುವ ಮಾತೂ ತಮಾಷೆಯ ಹೆಸರೂ ಒಟ್ಟಿಗೆ ಮೂಡುತ್ತವೆ. ಟೈಟನ್ ಗಡಿಯಾರ ತಯಾರಾಗುವ ಹೊಸೂರಿನಲ್ಲಿ ‘ಗಡಿಯಾರ’ವನ್ನು ಒಡೆದು ‘ಗಡಿ ಯಾರ’ದೆಂದು ಕೇಳಿದರೆ ಅದು ಸಭಂಗಶ್ಲೇಷದ ಒಳ್ಳೆಯ ಉದಾಹರಣೆಯಾದೀತು, 1956ರ ಪ್ರಶ್ನೆಯೂ ಆದೀತು.

4. ನಗುವವರು ಯಾರು, ಯಾರನ್ನು ಕುರಿತು

ನಾಟ್ಯಶಾಸ್ತ್ರವು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ವಿಂಗಡಿಸಿ, ನಗೆಯನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ಹೇಳುತ್ತದೆ. ಗಡಿನಾಡಿನ ಭಾಷೆಯ ವಿಷಯದಲ್ಲಿ ಇನ್ನೊಂದು ವಿಂಗಡಣೆಯೂ ಅಗತ್ಯ. ತನ್ನ ಭಾಷೆಯ ಬೆರಕೆಯನ್ನು ಕಂಡು ತಾನೇ ನಗುವುದು ಒಂದು. ಹೊರಗಿನವನು ಅದೇ ಬೆರಕೆಯನ್ನು ಕಂಡು ನಗುವುದು ಇನ್ನೊಂದು. ಮಾತು ಒಂದೇ ಆಗಿದ್ದರೂ ಮೊದಲನೆಯದು ಸಲಿಗೆ, ಎರಡನೆಯದು ಅವಹೇಳನ. ಹೊಸೂರು ಸೀಮೆಯಿಂದ ಕೆಲಸಕ್ಕಾಗಿ ಬೆಂಗಳೂರಿಗೆ ಬರುವವರ ಕನ್ನಡವನ್ನು ‘ತಮಿಳು ಕನ್ನಡ’ವೆಂದು ನಗುವವರು, ಇತ್ತ ಊರಿನಲ್ಲಿ ಅವರದೇ ತಮಿಳನ್ನು ಕನ್ನಡದ ವಾಸನೆಯುಳ್ಳದ್ದೆಂದು ನಗುವವರು, ಇಬ್ಬರ ನಡುವೆ ಈ ಭಾಷಿಕರು ನಿಂತಿದ್ದಾರೆ.

ಬೆರಕೆಯನ್ನು ದೋಷವೆಂದು ಮಾತ್ರ ಕಾಣುವುದು ಕನ್ನಡದ ಹಾಸ್ಯಪರಂಪರೆಗೇ ಒಪ್ಪುವ ಮಾತಲ್ಲ. ಕನ್ನಡ ರಂಗಭೂಮಿಯಲ್ಲಿ ಇಂಗ್ಲಿಷ್ ಬೆರೆತ ಕನ್ನಡವನ್ನು ನಗೆಯ ದೊಡ್ಡ ಶಕ್ತಿಯನ್ನಾಗಿ ಮಾಡಿದ ಕೈಲಾಸಂ ಅವರದು ತಮಿಳು ಮನೆಮಾತಿನ ಕುಟುಂಬ. ಎರಡು ಮೂರು ಭಾಷೆಗಳ ನಡುವೆ ಬೆಳೆದವನ ಕಿವಿಗೆ ಮಾತ್ರ ಕೇಳುವ ನಗೆಯೊಂದಿದೆ ಎಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಡ. ಕವಿರಾಜಮಾರ್ಗಕಾರನೂ ಕನ್ನಡವನ್ನು ಒಂದೆಂದು ಭಾವಿಸದೆ ಕನ್ನಡಗಳು ಹಲವೆಂದು ಕಂಡವನು; ಅವುಗಳ ದೋಷವನ್ನು ಎಣಿಸಿ ಹೇಳಲು ವಾಸುಕಿಯೂ ಬೇಸತ್ತಾನೆಂದು ಅವನ ಅಭಿಪ್ರಾಯ. ಅದರಲ್ಲಿಯೂ ಒಂದು ಕಿರುನಗೆ ಅಡಗಿರುವಂತೆ ತೋರುತ್ತದೆ.

ಆದರೆ ಇಷ್ಟನ್ನು ಹೇಳಿ ಗಡಿನಾಡಿನ ಬೆರಕೆಯನ್ನು ಕೊಂಡಾಡಿ ನಿಲ್ಲುವುದು ವಿಮರ್ಶೆಯ ಸೋಮಾರಿತನವಾದೀತು. ಕೈಲಾಸಂ ಅವರಿಗೆ ಕನ್ನಡದ ಅಕ್ಷರ ಬರುತ್ತಿತ್ತು. ಬೆರಕೆ ಅವರ ಆಯ್ಕೆ. ಜವಳಗಿರಿಯ ಹುಡುಗನು ತಮಿಳು ಲಿಪಿಯಲ್ಲಿ ಕನ್ನಡವನ್ನು ಬರೆಯುವುದು ಬೇರೆ ದಾರಿಯಿಲ್ಲದುದರಿಂದ. 2006ರ ತಮಿಳು ಕಲಿಕಾ ಕಾಯಿದೆಯು ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಕಡ್ಡಾಯಗೊಳಿಸುತ್ತ 2015-16ರ ಹೊತ್ತಿಗೆ ಹತ್ತನೆಯ ತರಗತಿಯನ್ನು ತಲುಪಿತು. ಭಾಷಾ ಅಲ್ಪಸಂಖ್ಯಾತ ವಿದ್ಯಾರ್ಥಿಗಳು ವಿನಾಯಿತಿಗಾಗಿ ನ್ಯಾಯಾಲಯದ ಮೆಟ್ಟಿಲನ್ನು ಏರಬೇಕಾಯಿತು. ನೆಲದ ಭಾಷೆಯನ್ನು ಕಲಿಯುವುದಕ್ಕೆ ಯಾರ ಆಕ್ಷೇಪವೂ ಇರಬೇಕಾಗಿಲ್ಲ; ಅದು ಅನ್ನದ ಭಾಷೆ, ನೆರೆಯ ಭಾಷೆ. ಕೊರಗು ಇರುವುದು ಅದರೊಡನೆ ಮನೆಮಾತಿನ ಅಕ್ಷರಕ್ಕೆ ಉಳಿಯುವ ಜಾಗ ಎಷ್ಟೆಂಬುದರಲ್ಲಿ. ಗುರಿಯು ಕುರಿಯಾದದ್ದನ್ನು ಕಂಡು ನಗಬೇಕಾದರೂ ಗಕಾರವೆಂಬ ಅಕ್ಷರ ಒಂದಿದೆಯೆಂದು ತಿಳಿದಿರಬೇಕು. ಆ ತಿಳಿವಳಿಕೆ ಇರುವ ತಲೆಮಾರು ಈಗ ನಗುತ್ತಿದೆ. ಅದಿಲ್ಲದ ತಲೆಮಾರಿಗೆ ಗಡಿಯೂ ಕಡಿಯೂ ಬರೆಯುವಲ್ಲಿ ಒಂದೇ ಆಗಿ, ಶ್ಲೇಷವು ಅಳಿದು, ಬರಿಯ ಗೊಂದಲ ಉಳಿಯುತ್ತದೆ.

5. ದನಿಯ ದಾರಿ

ಅಕ್ಷರಕ್ಕೆ ಪರ್ಯಾಯವಾಗಿ ಇತ್ತೀಚೆಗೆ ದನಿ ಬಂದಿದೆ. ಬರೆಯುವ ಬದಲು ಮಾತನ್ನೇ ಮುದ್ರಿಸಿ ಕಳುಹಿಸುವ ರೂಢಿಯು ಲಿಪಿ ಬಾರದವನನ್ನೂ ಮಾತುಗಾರನನ್ನಾಗಿ ಮಾಡಿದೆ. ಗಡಿನಾಡಿನ ಕನ್ನಡಕ್ಕೆ ಇದು ವರವೆಂದೇ ಹೇಳಬೇಕು. ತಮಿಳಿನ ಏರಿಳಿತ, ತೆಲುಗಿನ ಸಂಬೋಧನೆ, ಕನ್ನಡದ ಗಾದೆ ಒಂದೇ ಉಸಿರಿನಲ್ಲಿ ಬರುವ ಆ ಮಾತಿನ ಸೊಗಸು ಯಾವ ಲಿಪಿಯಲ್ಲಿಯೂ ಪೂರ್ತಿಯಾಗಿ ನಿಲ್ಲದು. ಆದರೆ ದನಿಯನ್ನು ಅಕ್ಷರಕ್ಕೆ ಇಳಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಮೊದಲು ಒಂದು ಭಾಷೆಯನ್ನು ಆಯ್ದುಕೊಳ್ಳುವಂತೆ ಕೇಳುತ್ತವೆ. ಮೂರು ಭಾಷೆಗಳನ್ನು ಒಂದೇ ವಾಕ್ಯದಲ್ಲಿ ಆಡುವವನು ಆ ಪ್ರಶ್ನೆಗೆ ಏನೆಂದು ಉತ್ತರಿಸಬೇಕು? ಯಂತ್ರಕ್ಕೆ ಕಲಿಸಲು ಬೇಕಾದ ಕನ್ನಡದ ಮಾದರಿಗಳಲ್ಲಿ ಜವಳಗಿರಿಯ ಮಾತು ಸೇರದೆ ಹೋದರೆ, ಯಂತ್ರವು ಅದನ್ನು ತಪ್ಪು ಕನ್ನಡವೆಂದೇ ತಿಳಿಯುವುದು. ನಗರದವನ ಅವಹೇಳನವನ್ನು ಯಂತ್ರವೂ ಕಲಿತಂತಾಗುತ್ತದೆ.

ಅಲ್ಪಸಂಖ್ಯಾತ ಭಾಷೆಗಳನ್ನು ಅಧ್ಯಯನ ಮಾಡುವ ಸಂಸ್ಥೆಗಳು ಗಡಿನಾಡಿನಿಂದ ಸಂಗ್ರಹಿಸಿದ್ದು ಹೆಚ್ಚಾಗಿ ಹಾಡು, ಕಥೆ, ಗಾದೆ, ಆಚರಣೆಗಳನ್ನು. ಅವು ಅಮೂಲ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವುಗಳ ಸಂಗ್ರಹದಿಂದ ಮಾತ್ರವೇ ಆ ಭಾಷೆಯು ಅಜ್ಜಿಯರ ಭಾಷೆಯೆಂಬ ಚಿತ್ರ ಮೂಡುತ್ತದೆ. ಮೊಬೈಲು ದುರಸ್ತಿಯ ಅಂಗಡಿಯಲ್ಲಿ, ಹೊಸೂರಿನ ಕಾರ್ಖಾನೆಗೆ ಹೋಗುವ ಬಸ್ಸಿನಲ್ಲಿ, ಹೊಸ ಉಪಕರಣವೊಂದರ ಸುತ್ತ ಕಲೆತ ಗೆಳೆಯರಲ್ಲಿ ಹುಟ್ಟುವ ನಗೆಮಾತನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಬೇಕು. ಒಂದು ಭಾಷೆಯಲ್ಲಿ ಹೊಸ ವಸ್ತುವನ್ನು ಕುರಿತು ತಮಾಷೆ ಮಾಡಲು ಸಾಧ್ಯವಾಗುತ್ತಿದೆ ಎಂದರೆ ಆ ಭಾಷೆ ಇನ್ನೂ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಅಳುವಿಗೆ ಹಳೆಯ ಪದ ಸಾಕಾಗಬಹುದು, ನಗೆಗೆ ದಿನವೂ ಹೊಸ ಮಾತು ಬೇಕು.

ಇನ್ನುಳಿದದ್ದು ಅಕ್ಷರದ ಮಾತು. ಯಾವ ತಂತ್ರಾಂಶ ಮೇಲೆಂದು ಕಾದಾಡಿ ನಕ್ಕ ನಮ್ಮ ತಂತ್ರಜ್ಞಾನಾಸಕ್ತರಿಗೆ ನುಡಿ, ಬರಹಗಳೆರಡೂ ಕೈಯಲ್ಲಿದ್ದವು. ಜವಳಗಿರಿಯ ಮನೆಗಳಲ್ಲಿ ನುಡಿ ಉಂಟು, ಬರಹವಿಲ್ಲ. ಈ ಎರಡನೆಯದನ್ನು ಕೊಡುವುದು ಯಾವ ಭಾಷೆಗೂ ವಿರೋಧವಾದ ಕೆಲಸವಲ್ಲ. ರಜೆಯ ದಿನಗಳಲ್ಲಿ ಕೆಲವು ವಾರಗಳ ಕಾಗುಣಿತ ಪಾಠ, ಮೊಬೈಲಿನಲ್ಲಿ ಕನ್ನಡದ ಕೀಲಿಮಣೆಯನ್ನು ತೆರೆಯುವ ಅಭ್ಯಾಸ, ಓದಲು ಒಂದಿಷ್ಟು ನಗೆಬರಹ, ಇಷ್ಟರಿಂದ ಆರಂಭಿಸಬಹುದು. ಯೂನಿಕೋಡಿನಲ್ಲಿ ಕನ್ನಡದ ಗಕಾರಕ್ಕೆ ಸ್ಥಾನವಿದೆ. ಆ ಅಕ್ಷರ ತಿಳಿದವನು ಗುರಿಯನ್ನು ಗುರಿಯೆಂದೇ ಬರೆಯಬಲ್ಲನು. ಬೇಕೆನಿಸಿದಾಗ, ನಗೆಗಾಗಿ, ಕುರಿಯೆಂದೂ ಬರೆಯಬಲ್ಲನು.